ಕಣಿವೆಯಾಚೆಯ ಟಗರು

ರಂಗ್‌ಕುಲ್,
6 ನವೆಂಬರ್ 1993

ಮಾವನವರಿಗೆ ಸೊಸೆ ಬುರುಲ್ ಮಾಡುವ ಸಲಾಮುಗಳು.

ಲಾರಿ ಡ್ರೈವರ್ ಕೊಚ್ಕೋರ್ ನಾಳೆ ಬೆಳಿಗ್ಗೆ ಓಶ್‌ಗೆ ಹೊರಡುತ್ತಾನಂತೆ. ಈ ಸಲ ಡೀಸೆಲ್ ಸಿಕ್ಕಿದ್ದೇ ಪುಣ್ಯ, ಇನ್ನು ಯಾವಾಗ ಸಿಗುತ್ತದೋ ಗೊತ್ತಿಲ್ಲ ಎಂದ. ಅದಕ್ಕೇ ರೊಟ್ಟಿಗೆ ಹಿಟ್ಟು ಕಲಸುವುದನ್ನು ಅರ್ಧಕ್ಕೆ ಬಿಟ್ಟು ಬರೆಯಲು ಕುಳಿತೆ.

ಮೊದಲು ನಿಮ್ಮ ಕಣ್ಣಿನ ವಿಚಾರ ತಿಳಿಸಿ. ಊರು ಬಿಡುವಾಗ ಬಲಗಣ್ಣು ಕೆಂಡದ ಹಾಗಿತ್ತು. ಆಸ್ಪತ್ರೆಯಲ್ಲಿ ಏನಂದರು? ಸೊನುನ್ ಅತ್ತೆಯ ಮನೆಯಲ್ಲಿ ಬೆಚ್ಚಗೆ ಮಲಗಲು ಜಾಗ ಇದೆಯೇ? ನೀವು ಬಾಯಿಬಿಟ್ಟು ಕೇಳುವವರಲ್ಲ. ತಂಗಿಯ ಮನೆಯಲ್ಲಾದರೂ ಕೇಳಿ ಊಟ ಮಾಡಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಅತ್ತೆಗೆ ಮಂಡಿನೋವು ಬಿಟ್ಟರೆ ಬೇರೆ ಏನಿಲ್ಲ. ನಿಮ್ಮ ಮೊಮ್ಮಗಳು ಮೀರಿಮ್‌ಗೆ ಮುಂದಿನ ಹಲ್ಲು ಬಿದ್ದಿದೆ, ಅಜ್ಜನಿಗೆ ಬರಿ ಎಂದಳು, ಬರೆದಿದ್ದೇನೆ. ಹಿಟ್ಟು ವಸಂತದವರೆಗೆ ಸಾಕಾಗುತ್ತದೆ. ನೀವು ಆ ಚಿಂತೆ ಬಿಡಿ.

ಇನ್ನೊಂದು ಮಾತು. ನಿಮ್ಮ ತಮ್ಮನ ಮಗ ಶರ್ಶೇನ್ ಮೊನ್ನೆ ಬಂದು ಕೂತಿದ್ದ. ಕಾಡುಕುರಿಗಳು ಕೆಳಗಿನ ಕಣಿವೆಗೆ ಇಳಿದಿವೆಯಂತೆ. "ಎಷ್ಟು ದೂರದಿಂದ ಹೊಡೀಬಹುದು, ಎಷ್ಟು ದೂರ ಆದ್ರೆ ಬಿಡ್ಬೇಕು, ದೊಡ್ಡಪ್ಪನ್ನ ಕೇಳಿ ಬರಿ" ಅಂದ. ಸುಮ್ಮನೆ ತಿಳಿದುಕೊಳ್ಳಲಿಕ್ಕಂತೆ. ನಿಮಗೆ ಬೇಸರವಿಲ್ಲದಿದ್ದರೆ ಎರಡು ಸಾಲು ಬರೆಯಿರಿ.

ನಿಮ್ಮ ಕೋವಿ ಪೆಟ್ಟಿಗೆಯಲ್ಲಿ ಕಂಬಳಿ ಸುತ್ತಿಕೊಂಡು ಭದ್ರವಾಗಿದೆ.

ಬುರುಲ್

*

ಓಶ್,
21 ನವೆಂಬರ್

ಬುರುಲ್,

ಕೊಚ್ಕೋರ್ ನಿನ್ನ ಕಾಗದವನ್ನು ಟೋಪಿಯೊಳಗೆ ಇಟ್ಟುಕೊಂಡು ತಂದಿದ್ದ. ಡೀಸೆಲ್ ವಾಸನೆಯ ಜೊತೆಗೆ ಅವನ ತಲೆಯ ವಾಸನೆಯೂ ಸೇರಿ ನನಗೆ ಊರೇ ಎದುರಿಗೆ ಬಂದ ಹಾಗಾಯಿತು.

ಡಾಕ್ಟರು ನಿನ್ನ ವಯಸ್ಸಿನ ಹುಡುಗಿ. ದಿನಾ ಕಣ್ಣಿಗೆ ಹನಿ ಹಾಕುತ್ತಾಳೆ, ದಿನಾ ಬೈಯುತ್ತಾಳೆ. ಒಂದು ತಿಂಗಳಲ್ಲಿ ಕಳಿಸುತ್ತಾರೆ. ಕಣ್ಣಿನ ಮಾತು ಇಲ್ಲಿಗೆ ಮುಗಿಯಿತು.

ಇಲ್ಲಿ ಊಟಕ್ಕೆ ಕೊರತೆಯಿಲ್ಲ. ಸೊನುನ್ ಬಡಿಸುತ್ತಾಳೆ, ನಾನು ತಿನ್ನುತ್ತೇನೆ. ಗಾಳಿ ಮಾತ್ರ ಗಂಜಿಯ ಹಾಗೆ ದಪ್ಪ. ಎಲ್ಲಿ ನೋಡಿದರೂ ಮರ ಅಡ್ಡ. ಈ ಜನ ಒಂದು ದಿನವೂ ದೂರದ್ದೇನನ್ನೂ ನೋಡದೆ ಹೇಗೆ ಬದುಕುತ್ತಾರೋ!

ಶರ್ಶೇನ್‌ನ ಪ್ರಶ್ನೆಗೆ ಉತ್ತರ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಕಬ್ಬಿಣದ ಮೊಳೆ ಇದೆಯಲ್ಲ, ಅದರ ಮೇಲಿಂದ ನೋಡಿದಾಗ ಟಗರಿನ ಎದೆ ಮೊಳೆಗಿಂತ ಅಗಲವಾಗಿ ಕಂಡರೆ ಯೋಚಿಸಬಹುದು. ಇಡೀ ಟಗರೇ ಮೊಳೆಯ ಹಿಂದೆ ಅಡಗಿಹೋದರೆ ಅದು ಅವನದಲ್ಲ, ಸಲಾಂ ಹೊಡೆದು ಮನೆಗೆ ಬರಲಿ. ಇವೆರಡರ ನಡುವೆ ಇರುವುದೇ ಬೇಟೆಗಾರನ ಕಷ್ಟ. ಅಲ್ಲಿ ಮೊಳೆ ಸಹಾಯ ಮಾಡುವುದಿಲ್ಲ, ನಾವೇ ಕೇಳಿಕೊಳ್ಳಬೇಕು. ಗಾಳಿ ನನ್ನ ಮುಖದ ಮೇಲೆ ಹೇಗಿದೆ ಎಂದಲ್ಲ, ಆ ಪ್ರಾಣಿಯ ಬೆನ್ನ ಮೇಲೆ ಹೇಗಿದೆ? ನನ್ನ ಉಸಿರು ನನ್ನ ಮಾತು ಕೇಳುತ್ತಿದೆಯೇ? ಗುಂಡು ತಪ್ಪಿದರೆ ಪರವಾಗಿಲ್ಲ, ಅರೆಬರೆ ತಗುಲಿದರೆ? ಕತ್ತಲಾಗುವ ಮೊದಲು ಅದರ ಹತ್ತಿರ ಹೋಗಿ ಅದರ ನೋವು ಮುಗಿಸಲು ನನ್ನಿಂದ ಆಗುತ್ತದೆಯೇ? ಒಂದಕ್ಕೆ ಇಲ್ಲ ಎಂದು ಬಂದರೂ ಬೆರಳು ತೆಗೆಯಬೇಕು.

ಅವನಿಗೆ ಇದನ್ನೆಲ್ಲ ಓದಿ ಹೇಳು. ಕೋವಿ ಕೊಡಬೇಡ.

ತೊಕ್ತೊನಜರ್

*

ರಂಗ್‌ಕುಲ್,
4 ಡಿಸೆಂಬರ್

ಮಾವನವರಿಗೆ ಸಲಾಮುಗಳು.

ನಿಮ್ಮ ಕಾಗದವನ್ನು ಅತ್ತೆಗೆ ಎರಡು ಸಲ ಓದಿ ಹೇಳಿದೆ. ಮರ ಅಡ್ಡ ಎಂದಲ್ಲಿ ಅತ್ತೆ ಬಿದ್ದು ಬಿದ್ದು ನಕ್ಕರು. "ಮದುವೆಯಾದ ವರ್ಷ ಓಶ್‌ಗೆ ಹೋದಾಗ್ಲೂ ಇದೇ ಹೇಳಿದ್ರು. ಒಂದು ಪಾಪ್ಲರ್ ಮರಾನ ಹಿಡ್ಕೊಂಡು ಬೈತಾ ನಿಂತಿದ್ರು" ಎಂದರು.

ಮಾವ, ನಿಮ್ಮ ಅಕ್ಷರಕ್ಕೆ ಏನಾಗಿದೆ? ಮೊದಲೆಲ್ಲ ಹೆಸರು ಬರೆದರೆ ಬೇಲಿ ಕಟ್ಟಿದ ಹಾಗಿರುತ್ತಿತ್ತು. ಈಗ ಸಾಲುಗಳು ಇಳಿಜಾರಿನಲ್ಲಿ ಯಾಕ್ ದನಗಳ ಹಿಂಡು ಇಳಿದ ಹಾಗೆ ಕೆಳಗೆ ಕೆಳಗೆ ಹೋಗಿವೆ. ಕಾಲು ಚಾಚಿಕೊಂಡು ಸೋಮಾರಿಯಾಗಿ ಬರೆಯುತ್ತೀರಿ ಅಂತ ಕಾಣುತ್ತದೆ. ಸೊನುನ್ ಅತ್ತೆ ನಿಮ್ಮನ್ನು ಹಾಳು ಮಾಡಿದ್ದಾರೆ.

ಶರ್ಶೇನ್‌ಗೆ ಎಲ್ಲ ಓದಿ ಹೇಳಿದೆ. ಅವನಿಗೆ ಇನ್ನೂ ಕೆಲವು ಅನುಮಾನಗಳಿವೆ. ದಿಣ್ಣೆ ಹತ್ತಿ ಹಿಮದ ಮೇಲೆ ಬೋರಲು ಮಲಗಿದರೆ ಎದೆಬಡಿತ ನೆಲಕ್ಕೆ ಬಡಿದು, ನೆಲದಿಂದ ಕೋವಿಗೆ ಬಂದು, ಮೊಳೆ ಕುಣಿಯುತ್ತದಂತೆ. ಅದಕ್ಕೇನು ಮಾಡಬೇಕು? ಕೈಗವಸು ತೆಗೆದರೆ ಬೆರಳು ಮರಗಟ್ಟುತ್ತದೆ, ಹಾಕಿಕೊಂಡರೆ ಟ್ರಿಗರ್‌ನ ಎಳೆತ ತಿಳಿಯುವುದಿಲ್ಲ, ಅದಕ್ಕೆ? ಮತ್ತೆ, ಹಿಮದ ಮೇಲೆ ಬಿಸಿಲಿದ್ದಾಗ ಎಲ್ಲವೂ ಹತ್ತಿರ ಕಾಣುತ್ತದೆ, ಮೋಡ ಬಂದ ಕೂಡಲೇ ಅದೇ ಕಲ್ಲು ದೂರ ಓಡುತ್ತದೆ. ಯಾವುದನ್ನು ನಂಬಬೇಕು?

ಉಳಿದಂತೆ ಎಲ್ಲ ಕ್ಷೇಮ.

ಬುರುಲ್

*

ಓಶ್,
16 ಡಿಸೆಂಬರ್

ಬುರುಲ್,

ಶರ್ಶೇನ್ ಹುಟ್ಟಿದಾಗಿನಿಂದ ಬೋರಲು ಮಲಗಿ ಗುರಿ ಹಿಡಿದವನಲ್ಲ. ಅವನ ಹೊಟ್ಟೆ ಬಿಡುವುದಿಲ್ಲ. ಇಷ್ಟು ಒಳ್ಳೆಯ ಪ್ರಶ್ನೆ ಅವನ ತಲೆಗೆ ಬಂದಿದ್ದರೆ ನಾನು ಓಶ್‌ನ ಬೀದಿಯಲ್ಲಿ ಕುಣಿಯುತ್ತಿದ್ದೆ.

ಯಾವಾಗಿನಿಂದ ನನ್ನ ಪೆಟ್ಟಿಗೆ ತೆಗೆಯುತ್ತಿದ್ದೀಯ?

ಓದಿದ ದಿನ ನನಗೆ ಸಿಟ್ಟು ಬಂತು. ಮುಚ್ಚಿಡುವುದಿಲ್ಲ. ಸೊನುನ್‌ಗೆ ಹೇಳಿದೆ, "ನನ್ನ ಕೋವೀನ ಮನೆಯಲ್ಲಿ ಯಾರೂ ಮುಟ್ಟಿದ್ದಿಲ್ಲ, ಈ ಹುಡುಗಿ ಹೊತ್ಕೊಂಡು ಗುಡ್ಡ ಹತ್ತುತಾ ಇದ್ದಾಳೆ." ಅವಳು ಚಹಾ ಸುರಿಯುತ್ತಾ, "ಅಣ್ಣ, ಯಾಕೆ ಹತ್ತುತಾ ಇದ್ದಾಳೆ ಅಂತ ಕೇಳಿದ್ಯಾ?" ಎಂದಳು.

ಈಗ ಕೇಳುತ್ತಿದ್ದೇನೆ. ಹಿಟ್ಟು ವಸಂತದವರೆಗೆ ಇದೆ ಎಂದು ಬರೆದವಳು ನೀನು. ಇಲ್ಲಿ ಮಾರುಕಟ್ಟೆಯಲ್ಲಿ ಸಿಕ್ಕ ಕೊಚ್ಕೋರ್‌ನನ್ನು ಕೇಳಿದರೆ ಅವನು ತನ್ನ ಬೂಟು ನೋಡುತ್ತಾ ನಿಂತ. ನನಗೆ ನಿಜ ಬರಿ. ನನ್ನ ಮಗ ಎಸೆನ್ ಲಾರಿ ಸಮೇತ ಹಿಮದಡಿ ಹೋದ ಮೇಲೆ ನಿಮ್ಮಪ್ಪ ಕುದುರೆ ತಂದು ಬಾಗಿಲಲ್ಲಿ ನಿಂತಿದ್ದರು, ನಿನ್ನನ್ನು ಕರೆದುಕೊಂಡು ಹೋಗಲು. ನೀನು ಹೋಗಲಿಲ್ಲ. ಆವತ್ತಿನಿಂದ ಆ ಮನೆಯಲ್ಲಿ ನನ್ನಿಂದ ಮುಚ್ಚಿಡುವ ಹಂಗು ನಿನಗಿಲ್ಲ.

ನಿನ್ನ ಪ್ರಶ್ನೆಗಳಿಗೆ: ಹೊಟ್ಟೆಯ ಕೆಳಗೆ ಮಡಿಸಿದ ಕಂಬಳಿ ಹಾಕು, ಎದೆ ನೆಲಕ್ಕೆ ತಾಗಬಾರದು. ಹತ್ತಿದ ಕೂಡಲೇ ಕೋವಿ ಎತ್ತಬೇಡ, ಮೂಗಿನಲ್ಲಿ ಉಸಿರಾಡಲು ಆಗುವವರೆಗೂ ಕಾಯಿ. ಬಲಗೈ ಗವಸಿನ ತೋರುಬೆರಳನ್ನು ಉದ್ದಕ್ಕೆ ಸೀಳಿಕೋ, ಬೇಕಾದಾಗ ಬೆರಳು ಹೊರಗೆ ಬರಲಿ. ಬಿಸಿಲನ್ನು ನಂಬಬೇಡ, ಮೋಡವನ್ನೂ ನಂಬಬೇಡ. ಪ್ರಾಣಿಯ ಕಾಲುಗಳನ್ನು ನೋಡು. ನಾಲ್ಕು ಕಾಲು ಬಿಡಿಬಿಡಿಯಾಗಿ ಕಾಣದಿದ್ದರೆ ಅದು ದೂರ.

ತೊಕ್ತೊನಜರ್

*

ರಂಗ್‌ಕುಲ್,
30 ಡಿಸೆಂಬರ್

ಮಾವನವರಿಗೆ,

ನಿಜ ಬರೆಯುತ್ತೇನೆ.

ನೀವು ಹೋದ ವಾರವೇ ನಮ್ಮ ಎರಡು ಯಾಕ್ ಸತ್ತವು. ಕುರಿಗಳನ್ನು ಒಂದೊಂದಾಗಿ ಕೊಯ್ದು ಮುಗಿಸಿದೆವು. ಹಿಟ್ಟು ಗಂಜಿಗಷ್ಟೇ, ರೊಟ್ಟಿಗಿಲ್ಲ. ಆ ದಿನ ರೊಟ್ಟಿಗೆ ಕಲಸುತ್ತಿದ್ದೆ ಎಂದು ಬರೆದದ್ದು ಸುಳ್ಳು. ಸರ್ಕಾರಿ ಸಾಕಣೆ ಕೇಂದ್ರದ ಕೊಟ್ಟಿಗೆಗೆ ಬಾಗಿಲೂ ಉಳಿದಿಲ್ಲ, ಜನ ಉರಿಸಿಬಿಟ್ಟರು. ನಮ್ಮ ಮನೆ, ಶರ್ಶೇನ್‌ನ ಮನೆ, ಹಿಂದಿನ ಮನೆಯ ಬಾಣಂತಿ ಗುಲ್ಜಾನ್, ಈ ಮೂರೂ ಒಲೆಗೆ ಒಂದೇ ದಾರಿ ಅಂತ ಪೆಟ್ಟಿಗೆ ತೆಗೆದೆ. ಕೀಲಿಕೈ ಕೊಟ್ಟವರು ಅತ್ತೆ. ಇದನ್ನು ಬರೆಯಬೇಡ ಎಂದಿದ್ದರು.

ಇಷ್ಟು ದಿನ ಗುರಿ ಹಿಡಿಯುವುದನ್ನಷ್ಟೇ ಕಲಿತೆ. ಗುಂಡುಗಳು ಬೆರಳೆಣಿಕೆಯಷ್ಟು. ಕಲ್ಲಿನ ಮೇಲೆ ಎರಡು ಹಾರಿಸಿ ನೋಡಿದೆ, ಅಷ್ಟೇ.

ಮೊನ್ನೆ ಶರ್ಶೇನ್ ಮತ್ತು ನಾನು ಎರಡು ಕುದುರೆ ತೆಗೆದುಕೊಂಡು ಬಿಳಿಕಲ್ಲಿನ ದಿಣ್ಣೆಗೆ ಹೋದೆವು. ಮಧ್ಯಾಹ್ನ ದಾಟಿತ್ತು. ನೀವು ಹೇಳಿದಂತೆ ಕಂಬಳಿ ಮಡಿಸಿ ಹಾಕಿ ಮಲಗಿದೆ. ಕಣಿವೆಯಾಚೆ ಇಳಿಜಾರಿನಲ್ಲಿ ಹೆಣ್ಣು ಕುರಿಗಳ ಹಿಂಡು, ಅದರ ಮೇಲುಗಡೆ ಒಂಟಿಯಾಗಿ ಒಂದು ಟಗರು. ಮಾವ, ಅಂಥ ಟಗರನ್ನು ನಾನು ನೋಡಿಲ್ಲ. ಕೊಂಬು ಒಂದು ಸುತ್ತು ಮುಗಿಸಿ ಎರಡನೆಯದಕ್ಕೆ ಹೊರಟಿತ್ತು. ಅಡ್ಡಲಾಗಿ ನಿಂತು ನಮ್ಮ ಕಡೆಯೇ ನೋಡುತ್ತಿತ್ತು.

"ಹೊಡಿ ಅತ್ತಿಗೆ! ಗೋಡೆ ನಿಂತ ಹಾಗೆ ನಿಂತದೆ" ಎಂದ ಶರ್ಶೇನ್.

ಮೊಳೆ ಏರಿಸಿದೆ. ಒಂದು ಕಡೆ ಕೊಂಬು, ಇನ್ನೊಂದು ಕಡೆ ಬಾಲ ಇಣುಕುತ್ತಿತ್ತು. ಎದೆ ಪೂರ್ತಿ ಮೊಳೆಯ ಹಿಂದೆ. ನೀವು ಹೇಳಿದ ಆ ನಡುವಿನ ಜಾಗ.

"ಎದೆ ಕಾಣ್ತಿಲ್ಲ ಕಣೋ."

"ಕಾಣದಿದ್ರೇನು, ಅಲ್ಲೇ ತಾನೆ ಇರೋದು? ಗುಂಡು ಹುಡುಕ್ಕೊಂಡು ಹೋಗ್ತದೆ."

"ಗುಂಡೇ ಹುಡುಕ್ಕೊಂಡು ಹೋಗೋದಾದ್ರೆ ನಾವು ಮನೇಲಿ ಕೂತು ಹಾರಿಸ್ಬಹುದಿತ್ತಲ್ಲ!"

ನನ್ನ ಮುಖದ ಮೇಲೆ ಗಾಳಿಯೇ ಇರಲಿಲ್ಲ. ಉಸಿರು ಸಮನಾಗಿತ್ತು. ಬೆರಳು ಬೆಚ್ಚಗಿತ್ತು. ಆದರೆ ಟಗರಿನ ಹಿಂದೆ ದಿಣ್ಣೆಯ ಅಂಚಿನಿಂದ ಹಿಮದ ಪುಡಿ ಎದ್ದು ಬಾವುಟದ ಹಾಗೆ ಪಕ್ಕಕ್ಕೆ ಹಾರುತ್ತಿತ್ತು. ಅಲ್ಲಿ ಗಾಳಿ ಜೋರು. ನಡುವಿನ ಕಣಿವೆಯಲ್ಲಿ ಸೊಂಟದವರೆಗೆ ಹಿಮ. ಅರೆಬರೆ ತಗುಲಿದರೆ, ನಾವು ಅಲ್ಲಿಗೆ ಮುಟ್ಟುವ ಹೊತ್ತಿಗೆ ಬೆಳಕಿರುವುದಿಲ್ಲ.

ಇನ್ನೂ ಒಂದು ಗಳಿಗೆ ಹಾಗೇ ಇದ್ದೆ. ಆ ಗಳಿಗೆಯಲ್ಲಿ ನನಗೆ ಟಗರು ಕಾಣಲಿಲ್ಲ ಮಾವ, ಸಾರು ಕಂಡಿತು. ಮೀರಿಮ್ ಬಟ್ಟಲು ನೆಕ್ಕುವುದು ಕಂಡಿತು. ಆಗಲೇ ನನಗೆ ಹೆದರಿಕೆಯಾಗಿದ್ದು. ಗುಂಡು ತೆಗೆದು ಜೇಬಿಗೆ ಹಾಕಿಕೊಂಡೆ.

ಶರ್ಶೇನ್ ಟೋಪಿ ತೆಗೆದು ಹಿಮಕ್ಕೆ ಬಡಿದ. "ನಾಲ್ಕು ಹೆಣ್ಣಾದ ಮೇಲೆ ನಿಮ್ಮಪ್ಪ ಇನ್ನಾದ್ರೂ ಗಂಡಿನ ಕಡೆ ತಿರುಗಲಿ ಅಂತ ನಿಂಗೆ ಬುರುಲ್, ಅಂದ್ರೆ ‘ತಿರುಗು’ ಅಂತ ಹೆಸರಿಟ್ಟ. ನೀನು ತಿರುಗಿದ್ದು ಇವತ್ತು, ಬರಿಗೈಲಿ ಮನೆ ಕಡೆಗೆ!" ದಾರಿಯುದ್ದಕ್ಕೂ ಒಂದೇ ಮಾತು: "ದೊಡ್ಡಪ್ಪ ಆಗಿದ್ರೆ ಹೊಡೀತಿದ್ರು. ಸರೋವರದ ಈ ದಂಡೆಯಿಂದ ಆ ದಂಡೆಗೆ ಹೊಡೆದೋರು ಅವ್ರು."

ಮನೆ ಬಾಗಿಲಲ್ಲಿ ಅತ್ತೆ ಬಿಸಿನೀರಿನ ಚೊಂಬು ಹಿಡಿದು ನಿಂತಿದ್ದರು.

"ಏನೂ ತಂದಿಲ್ಲ ಅತ್ತೆ."

"ನೀನು ಬಂದಿದೀಯಲ್ಲ. ಕೈ ಚಾಚು."

ಕೈಗೆ ನೀರು ಹಾಕಿದರು. ಆಮೇಲೆ ಗಂಜಿ ಕುಡಿದೆವು. ಗುಲ್ಜಾನ್ ಬಾಗಿಲವರೆಗೆ ಬಂದು, ನನ್ನ ಮುಖ ನೋಡಿ, ಒಳಗೆ ಬಾರದೆ ಹೋದಳು. ಅದೇ ನನಗೆ ತಡೆಯಲಾಗುತ್ತಿಲ್ಲ.

ನೀವಾಗಿದ್ದರೆ ಹೊಡೆಯುತ್ತಿದ್ದಿರಿ ಅಲ್ಲವೇ? ನಾನು ಹೆದರಿಕೊಂಡು ಬಿಟ್ಟೆನೋ, ತಿಳಿದು ಬಿಟ್ಟೆನೋ ನನಗೇ ಗೊತ್ತಾಗುತ್ತಿಲ್ಲ. ಬೇಗ ಬರೆಯಿರಿ.

ಬುರುಲ್

*

ರಂಗ್‌ಕುಲ್,
23 ಜನವರಿ 1994

ಮಾವನವರಿಗೆ,

ಎರಡು ಲಾರಿ ಬಂದವು. ಎರಡರಲ್ಲೂ ನಿಮ್ಮ ಕಾಗದವಿರಲಿಲ್ಲ. ನೀವು ಮೌನವಾಗಿದ್ದೀರಿ ಎಂದರೆ ಅದರ ಅರ್ಥ ನನಗೆ ಗೊತ್ತು. ಬಯ್ಯುವುದಕ್ಕೂ ಯೋಗ್ಯಳಲ್ಲ ಎಂದುಕೊಂಡಿದ್ದೀರಿ.

ಹಾಗೆಂದುಕೊಂಡೇ ನಾನು ಕೋವಿಯನ್ನು ಶರ್ಶೇನ್‌ಗೆ ಕೊಟ್ಟೆ. ನೀವು ಕೊಡಬೇಡ ಎಂದಿದ್ದಿರಿ, ಕೊಟ್ಟೆ. ನಾನೂ ಜೊತೆಗೆ ಹೋದೆ. ಅದೇ ದಿಣ್ಣೆ, ಅದೇ ಆಚೆಯ ಇಳಿಜಾರು. ಟಗರು ಬೇರೆ, ಚಿಕ್ಕದು. ಅವನು ಕಲ್ಲಿಗೆ ಒರಗಿ ಕೂತು ಹೊಡೆದ. ಟಗರು ಹಿಂಗಾಲು ಕುಸಿದು ಬಿತ್ತು. "ಬಿತ್ತು ಅತ್ತಿಗೆ, ಬಿತ್ತು!" ಎಂದು ನನ್ನನ್ನು ತಬ್ಬಿಕೊಂಡ. ಬಿಡಿಸಿಕೊಂಡು ನೋಡುವಷ್ಟರಲ್ಲಿ ಅದು ಎದ್ದು, ಕಾಲೆಳೆಯುತ್ತಾ ದಿಣ್ಣೆ ದಾಟಿತ್ತು.

ಹಿಮದಲ್ಲಿ ಬಿದ್ದೂ ಎದ್ದೂ ಆಚೆ ಹೋದೆವು. ರಕ್ತ ಇತ್ತು. ಅದರ ಜಾಡು ಹಿಡಿದು ನಡೆದೆವು. ಗಾಳಿ ಎದ್ದು ರಕ್ತದ ಗುರುತನ್ನೂ ನಮ್ಮ ಹೆಜ್ಜೆಯನ್ನೂ ಒಟ್ಟಿಗೇ ಮುಚ್ಚಿತು. ವಾಪಸ್ ಬಂದೆವು. ಕೆಲವು ದಿನಗಳ ಮೇಲೆ ಹದ್ದುಗಳು ಸುತ್ತುವುದು ಕಂಡು ಹೋದರೆ ತೋಳಗಳು ನಮಗೇನೂ ಉಳಿಸಿರಲಿಲ್ಲ. ಅದು ಮಲಗಿದ್ದ ಜಾಗದ ಸುತ್ತ ಹಿಮ ಕೆರೆದು ಕೆರೆದು ನೆಲ ಕಾಣುತ್ತಿತ್ತು. ಬಹಳ ಹೊತ್ತು ಬದುಕಿತ್ತು ಅಂತ ಕಾಣುತ್ತದೆ.

ಶರ್ಶೇನ್ ಅಲ್ಲೇ ಕುಕ್ಕರಿಸಿ ಅತ್ತ. "ಮಕ್ಕಳಿಗೆ ಅಂತ ಹೊಡೆದೆ ಅತ್ತಿಗೆ, ತೋಳಕ್ಕೆ ಹಾಕ್ಬಿಟ್ಟೆ" ಎಂದ. ನಾನು ಬಯ್ಯಲಿಲ್ಲ. ಅವನ ಮನೆಯಲ್ಲೂ ನಮ್ಮ ಮನೆಯ ಗಂಜಿಯೇ.

ಕೋವಿ ಮತ್ತೆ ಪೆಟ್ಟಿಗೆಯಲ್ಲಿದೆ. ಯಾರಿಗಾದರೂ ಕೊಟ್ಟು ಹಿಟ್ಟು ತೆಗೆದುಕೊಳ್ಳಿ ಎಂದರೆ ಹಾಗೇ ಮಾಡುತ್ತೇನೆ.

ಬುರುಲ್

*

ಓಶ್,
11 ಜನವರಿ

ಮಗಳೇ ಬುರುಲ್,

ಅಕ್ಷರ ಬೇರೆ ಎಂದು ಗಾಬರಿಯಾಗಬೇಡ. ನಾನು ಸೊನುನ್. ಅಣ್ಣ ಹೇಳುತ್ತಿದ್ದಾನೆ, ನಾನು ಬರೆಯುತ್ತಿದ್ದೇನೆ. ಲಾರಿಗಳೆಲ್ಲ ಕಣಿವೆದಾರಿಯಲ್ಲಿ ನಿಂತಿವೆಯಂತೆ, ಇದು ಯಾವಾಗ ಸೇರುತ್ತದೋ ತಿಳಿಯದು.

ಇನ್ನು ಅವನ ಮಾತು.

ಬುರುಲ್, ನಿನ್ನ ಕಾಗದವನ್ನು ಸೊನುನ್ ಓದಿದಳು. ಟಗರು ಅಡ್ಡ ನಿಂತಿತ್ತು ಎಂದಲ್ಲಿಗೆ ಬಂದಾಗ ನನಗೆ ಕೂರಲಾಗದೆ ಎದ್ದು ನಿಂತೆ. ಹಿಮದ ಪುಡಿ ಪಕ್ಕಕ್ಕೆ ಹಾರುತ್ತಿತ್ತು ಎಂದಾಗ "ಬಿಡು, ಬಿಡು!" ಎಂದು ಕೂಗಿದೆನಂತೆ. ಪಕ್ಕದ ಮನೆಯವರು ಬಂದು ಏನಾಯಿತು ಎಂದು ಕೇಳಿದರು. ಮುಂದಿನ ಸಾಲಿನಲ್ಲಿ ನೀನು ಗುಂಡು ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ಓಶ್‌ಗೆ ಬಂದ ಮೇಲೆ ನಾನು ನೆಮ್ಮದಿಯಿಂದ ಉಸಿರು ಬಿಟ್ಟದ್ದು ಅದೊಂದು ಸಲ.

ನಾನಾಗಿದ್ದರೂ ಬಿಡುತ್ತಿದ್ದೆ. ಇದನ್ನು ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ. ಸರೋವರದ ಆ ಗುಂಡಿನ ಕಥೆ ಹೇಳುವವರು ದೂರವನ್ನಷ್ಟೇ ಹೇಳುತ್ತಾರೆ, ಅದೂ ವರ್ಷ ವರ್ಷ ಬೆಳೆಯುತ್ತದೆ. ಆ ದಿನ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಕೋವಿ ಬಂಡೆಯ ಮೇಲೆ ಊರಿತ್ತು. ಟಗರು ಮಲಗಿ ಮೆಲುಕು ಹಾಕುತ್ತಿತ್ತು. ಎದ್ದು ಓಡಿದರೂ ಮೂರು ಕಡೆ ಹೆಪ್ಪುಗಟ್ಟಿದ ಬಯಲು, ಕಣ್ತಪ್ಪಿ ಹೋಗುವ ಹಾಗಿರಲಿಲ್ಲ. ಇಷ್ಟೆಲ್ಲ ಕೂಡಿಬಂದದ್ದು ನನ್ನ ಜೀವನದಲ್ಲಿ ಅದೊಂದೇ ದಿನ. ನಾನು ಬಿಟ್ಟು ಬಂದ ಟಗರುಗಳ ಕಥೆ ನಿನ್ನ ಅತ್ತೆಗೆ ಮಾತ್ರ ಗೊತ್ತು, ಬರಿಗೈಗೆ ನೀರು ಹಾಕಿದವಳು ಅವಳೇ.

ನೀನು ಹೆದರಿದೆಯೋ ತಿಳಿದೆಯೋ ಎಂದು ಕೇಳಿದ್ದೀಯ. ಹಸಿದವರ ಕಣ್ಣಿಗೆ ಟಗರು ಹೋಗಿ ಸಾರು ಕಂಡಾಗ ಹೆದರುವುದೇ ತಿಳಿವಳಿಕೆ. ಅದನ್ನು ನಾನು ನಿನಗೆ ಬರೆದು ಕಲಿಸಿರಲಿಲ್ಲ. ನಿನ್ನಲ್ಲೇ ಇತ್ತು.

ಈಗ ನನ್ನ ವಿಚಾರ. ನೀನು ನಿಜ ಬರೆದಿದ್ದೀಯ, ನಾನೂ ಬರೆಸಬೇಕು. ಬಲಗಣ್ಣು ಹೋಯಿತು. ಡಿಸೆಂಬರ್ ಕೊನೆಯಲ್ಲಿ ತೆಗೆದರು, ಇಲ್ಲದಿದ್ದರೆ ಎಡಗಣ್ಣಿಗೂ ಹಬ್ಬುತ್ತಿತ್ತಂತೆ. ಎಡಗಣ್ಣಿನಲ್ಲಿ ಬೆಳಕು, ಬಣ್ಣ, ಹತ್ತಿರದ ಮುಖ ಕಾಣುತ್ತದೆ. ನನ್ನ ಸಾಲುಗಳು ಯಾಕ್‌ಗಳ ಹಾಗೆ ಇಳಿದದ್ದು ಅದಕ್ಕೇ. ನೀನು ಸೋಮಾರಿ ಎಂದು ಬಯ್ದಾಗ ನನಗೆ ಖುಷಿಯಾಗಿತ್ತು, ಅನುಮಾನ ಬಂದಿಲ್ಲವಲ್ಲ ಎಂದು.

ಅಳಬೇಡ. ಅತ್ತೆಗೆ ನೀನೇ ನಿಧಾನವಾಗಿ ಹೇಳು.

ಕೋವಿ ಇನ್ನು ನಿನ್ನದು. ಶರ್ಶೇನ್‌ನನ್ನು ಕರೆದುಕೊಂಡು ಹೋಗು, ಹೊರಲು ಅವನಷ್ಟು ಗಟ್ಟಿ ಬೆನ್ನು ಊರಲ್ಲಿ ಇನ್ಯಾರಿಗೂ ಇಲ್ಲ. ಆದರೆ ಬೆರಳು ನಿನ್ನದೇ ಇರಲಿ. ಮತ್ತೆ, ಆಚೆಯ ಇಳಿಜಾರಿಗೆ ಗುಂಡು ಮುಟ್ಟದಿದ್ದರೆ ನೀನೇ ಆಚೆಯ ಇಳಿಜಾರಿಗೆ ಹೋಗು. ಬೆಳಗ್ಗೆ ಬೇಗ ಹೋಗಿ, ಅವು ಬರುವ ಮೊದಲೇ ಮಲಗಿರು. ಇದನ್ನು ಮೊದಲೇ ಹೇಳಬೇಕಿತ್ತು. ಶರ್ಶೇನ್‌ಗೆ ಬರೆಯುತ್ತಿದ್ದೇನೆ ಎಂದುಕೊಂಡಿದ್ದರಿಂದ ಹೇಳಲಿಲ್ಲ. ಅವನಿಗೆ ಅಷ್ಟು ತಾಳ್ಮೆ ಎಲ್ಲಿ?

ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣಾಯಿತಲ್ಲ ಎಂದು ನಿಮ್ಮಪ್ಪ ಬೇಸರಪಟ್ಟಿದ್ದರೆ, ಅವರ ಪಾಲಿನ ಸಂತೋಷವನ್ನೂ ಸೇರಿಸಿ ನಾನು ಪಡುತ್ತಿದ್ದೇನೆ ಎಂದು ಹೇಳಿಕಳಿಸು.

ತೊಕ್ತೊನಜರ್ ಹೇಳಿದ್ದು, ಸೊನುನ್ ಬರೆದದ್ದು

*

ರಂಗ್‌ಕುಲ್,
19 ಫೆಬ್ರವರಿ

ನನ್ನ ಮಾವನವರಿಗೆ,

ನಿಮ್ಮ ಜನವರಿಯ ಕಾಗದ ಬಂದದ್ದು ಈ ತಿಂಗಳ ಮೊದಲ ವಾರ. ಅಷ್ಟರಲ್ಲಿ ನಾನು ಆ ಕೆಟ್ಟ ಕಾಗದ ಕಳಿಸಿಬಿಟ್ಟಿದ್ದೆ. ಓದಿದ್ದರೆ ಮರೆತುಬಿಡಿ. ಓದಿರದಿದ್ದರೆ ಸೊನುನ್ ಅತ್ತೆ ಅದನ್ನು ಒಲೆಗೆ ಹಾಕಲಿ.

ಕಣ್ಣಿನ ವಿಚಾರ ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಉಣ್ಣೆ ಎಳೆಯುತ್ತಲೇ ಇದ್ದರು. ಆಮೇಲೆ, "ಒಂದು ಕಣ್ಣಾದ್ರೂ ಮನುಷ್ಯ ವಾಪಸ್ ಬರ್ತಾನಲ್ಲ. ನನ್ನ ಮಗ ಎರಡೂ ಕಣ್ಣು ಇಟ್ಕೊಂಡು ಬರಲಿಲ್ಲ" ಎಂದರು. ಇಬ್ಬರೂ ಅತ್ತೆವು. ಅತ್ತು ಮುಗಿದ ಮೇಲೆ ಅತ್ತೆ ಎದ್ದು ನಿಮ್ಮ ಹಳೆಯ ತುಪ್ಪಳದ ಕೋಟಿನ ತೋಳನ್ನು ನನ್ನ ಅಳತೆಗೆ ಮಡಿಸಿ ಹೊಲಿದರು.

ನೀವು ಹೇಳಿದಂತೆ ಆಚೆಗೇ ಹೋದೆವು. ಆ ಟಗರಿನ ನಂತರ ಶರ್ಶೇನ್‌ನ ಮಾತು ಕಡಿಮೆಯಾಗಿದೆ. "ನೀನು ಎಲ್ಲಿ ಅಂತ ಹೇಳು ಅತ್ತಿಗೆ, ಕೂರ್ತೀನಿ. ಕೆಮ್ಮಬೇಡ ಅಂದ್ರೆ ಕೆಮ್ಮಲ್ಲ" ಎಂದ. ಕುದುರೆಗಳನ್ನು ಅವನ ಬಳಿ ತಗ್ಗಿನಲ್ಲಿ ಬಿಟ್ಟು, ಗಾಳಿ ಮುಖಕ್ಕೆ ಬೀಳುವ ಹಾಗೆ ಎರಡು ಬಂಡೆಗಳ ನಡುವೆ ಮಲಗಿದೆ.

ಮೊದಲು ಬಂದದ್ದು ಹೆಣ್ಣು ಕುರಿ. ಬಹಳ ಹತ್ತಿರ. ಎದೆ ಮೊಳೆಗಿಂತ ಎಷ್ಟೋ ಅಗಲ. ಆದರೆ ಹೊಟ್ಟೆ ತುಂಬಿತ್ತು, ನಡೆಯುವಾಗ ಪಕ್ಕಕ್ಕೆ ತೂಗುತ್ತಿತ್ತು. ಬಿಟ್ಟೆ. ಬಿಡುವುದು ಈ ಸಲ ಕಷ್ಟವಾಗಲಿಲ್ಲ.

ಕೈಕಾಲು ನನ್ನವೇ ಅಲ್ಲ ಅನ್ನಿಸುವಷ್ಟು ಹೊತ್ತು ಮಲಗಿದ್ದೆ. ಹಿಂಡೆಲ್ಲ ದಾಟಿದ ಮೇಲೆ, ಹಿಂದೆ ಒಂದು ಮುದಿ ಟಗರು ಬಂತು. ಚಳಿಗಾಲದ ಕಾದಾಟದಲ್ಲಿ ಸೊರಗಿ ಬೆನ್ನೆಲುಬು ಎದ್ದಿತ್ತು. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು. ಕಾಲುಗಳಿರಲಿ, ಅದರ ಮೂಗಿನ ಹಬೆ ಕಂಡಿತು, ರೆಪ್ಪೆಯ ಮೇಲಿನ ಮಂಜು ಕಂಡಿತು. ನನ್ನನ್ನೇ ನಾನು ಒಂದೊಂದಾಗಿ ಕೇಳಿಕೊಂಡೆ. ಗಾಳಿ? ಉಸಿರು? ತಪ್ಪಿದರೆ? ಅರೆಬರೆ ತಗುಲಿದರೆ? ಎಲ್ಲದಕ್ಕೂ ಉತ್ತರ ಇತ್ತು. ಸಾರು ಕಾಣಲಿಲ್ಲ. ಟಗರು ಮಾತ್ರ ಕಂಡಿತು.

ಹೊಡೆದೆ. ಅದು ಎರಡು ಹೆಜ್ಜೆ ಇಟ್ಟು, ಮಂಡಿಯೂರಿ, ಹಾಗೇ ಒರಗಿತು. ಹತ್ತಿರ ಹೋಗುವಷ್ಟರಲ್ಲಿ ಶರ್ಶೇನ್ ಚಾಕು ಹಿಡಿದು ಓಡಿಬಂದು ಅಲ್ಲಾಹನ ಹೆಸರು ಹೇಳಿದ. ನಾನು ಅದರ ಕತ್ತಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ನನಗೆ ಹೇಳಲು ಬೇರೆ ಏನೂ ತೋಚದೆ, "ದೊಡ್ಡ ಉಪಕಾರವಾಯ್ತಪ್ಪ" ಎಂದೆ. ಶರ್ಶೇನ್ ನಗಲಿಲ್ಲ.

ಮಾಂಸವನ್ನು ಮೂರು ಮನೆಗೆ ಹಂಚಿದೆವು. ಯಕೃತ್ತನ್ನು ಗುಲ್ಜಾನ್‌ಗೆ ಕೊಟ್ಟೆ. ಆವತ್ತು ಬಾಗಿಲಿಂದಲೇ ತಿರುಗಿದ್ದವಳು ಈಗ ಒಳಗೆ ಬಂದು, ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ, ಒಲೆಯ ಮುಂದೆ ಕೂತು ತಿಂದಳು. ಅವಳಿಗೆ ಹಾಲು ಇಳಿಯುತ್ತಿದೆಯಂತೆ. ಮೀರಿಮ್ ಹೊಟ್ಟೆ ತುಂಬಿ ಬಿಕ್ಕಳಿಸುತ್ತಾ ಮಲಗಿದಳು. ಅತ್ತೆ ಮೊದಲ ಬಟ್ಟಲು ಸಾರನ್ನು ನನ್ನ ಮುಂದೆ ಇಟ್ಟರು. ನೀವು ಮನೆಯಲ್ಲಿದ್ದಾಗ ನಿಮಗೆ ಇಡುವ ಹಾಗೆ. ನಾನು ಸಂಕೋಚದಿಂದ ಅದನ್ನು ಅವರ ಕಡೆಗೆ ತಳ್ಳಿದೆ, ಅವರು ನನ್ನ ಕಡೆಗೆ ತಳ್ಳಿದರು. ಕೊನೆಗೆ ಇಬ್ಬರೂ ಅದೇ ಬಟ್ಟಲಿನಲ್ಲಿ ಕುಡಿದೆವು.

ನಾಳೆ ಕೊಚ್ಕೋರ್ ಬರುತ್ತಿದ್ದಾನೆ. ಒಣಗಿಸಿದ ಮಾಂಸ ಕಳಿಸುತ್ತಿದ್ದೇನೆ. ಮಾವ, ಈ ಚಳಿಗಾಲದಲ್ಲಿ ನಮ್ಮನ್ನು ಉಳಿಸಿದ್ದು ಒಂದು ಗುಂಡು ಎಂದು ಊರಲ್ಲಿ ಹೇಳುತ್ತಿದ್ದಾರೆ. ಹೇಳಲಿ. ನಿಮ್ಮ ಕಾಗದಗಳು ಎಂದು ನನಗೆ ಗೊತ್ತು. ಕಾಣದ ಕಣ್ಣಿನಲ್ಲಿ ಬರೆದದ್ದು ಎಂದು ಈಗ ಗೊತ್ತಾಗಿದೆ. ಹೇಗೆ ಋಣ ತೀರಿಸಲಿ?

ಬುರುಲ್

*

ಓಶ್,
8 ಮಾರ್ಚ್

ಮಗಳೇ,

ಇದನ್ನು ನಾನೇ ಬರೆಯುತ್ತಿದ್ದೇನೆ. ಸೊನುನ್ ಕಾಗದದ ಮೇಲೆ ದಪ್ಪ ದಾರ ಕಟ್ಟಿ ಕೊಟ್ಟಿದ್ದಾಳೆ. ಬೆರಳಿಗೆ ದಾರ ಸಿಕ್ಕರೆ ಸಾಲು ಸಿಕ್ಕ ಹಾಗೆ. ಸಣ್ಣ ಕಾಗದವಾದರೂ ಎರಡು ದಿನದಿಂದ ಬರೆಯುತ್ತಿದ್ದೇನೆ.

ಮಾಂಸ ತಲುಪಿತು. ಸೊನುನ್ ಬೇಯಿಸಿದಳು. ಬಾಗಿಲು ಕಿಟಕಿ ಎಲ್ಲ ತೆಗೆ ಎಂದೆ, ಪಾಪ್ಲರ್ ಮರಗಳಿಗೂ ವಾಸನೆ ಹೋಗಲಿ ಎಂದು. ಡಾಕ್ಟರ್ ಹುಡುಗಿಗೂ ಒಂದು ಬಟ್ಟಲು ಕೊಟ್ಟು ಬಂದೆ. "ಯಾರು ಹೊಡೆದಿದ್ದು ತಾತ?" ಎಂದಳು. "ನಮ್ಮನೇಲಿ ಬೇಟೆಗಾರ್ತಿ ಇದ್ದಾಳೆ" ಎಂದೆ. ಆ ಮಾತು ಬಾಯಿಗೆ ಎಷ್ಟು ಚೆನ್ನಾಗಿತ್ತೆಂದರೆ, ಕೇಳದಿದ್ದರೂ ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದ ರೋಗಿಯೊಬ್ಬನಿಗೂ ಹೇಳಿದೆ.

ನಿನ್ನ ಆ ಕೆಟ್ಟ ಕಾಗದವನ್ನು ಒಲೆಗೆ ಹಾಕಲಿಲ್ಲ. ಸೊನುನ್ ಓದಿದಳು. ಆ ಟಗರು ಮಲಗಿದ್ದ ಜಾಗವನ್ನು ಶರ್ಶೇನ್ ಸಾಯುವವರೆಗೂ ಮರೆಯುವುದಿಲ್ಲ. ಅವನನ್ನು ಬಿಡಬೇಡ, ಇನ್ನು ಅವನು ನಿನಗೆ ಒಳ್ಳೆಯ ಜೊತೆಗಾರ.

ಋಣ ತೀರಿಸುವ ಮಾತು ಬರೆದಿದ್ದೀಯ. ಎಸೆನ್ ಹೋದಾಗ ನನ್ನ ಮನೆಯ ಬಾಗಿಲಿಗೆ ಬಂದ ಕುದುರೆ ಬರಿದಾಗಿ ವಾಪಸ್ ಹೋಯಿತಲ್ಲ, ಅವತ್ತಿನಿಂದ ಸಾಲಗಾರ ಯಾರು ಎಂದು ನನಗೆ ಗೊತ್ತು. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಕಾಗದದಲ್ಲಿ ಹೇಳುತ್ತಿದ್ದೇನೆ. ಊರಿಗೆ ಬಂದ ಮೇಲೆ ಇದನ್ನು ನೆನಪಿಸಿ ನನ್ನನ್ನು ನಾಚಿಸಬೇಡ.

ಕಣಿವೆದಾರಿಯ ಹಿಮ ಕರಗಿದ ಕೂಡಲೇ ಕೊಚ್ಕೋರ್‌ನ ಲಾರಿಯಲ್ಲಿ ಬರುತ್ತೇನೆ. ಬಂದ ಮೇಲೆ ಒಂದು ಕೆಲಸ ಮಾಡು. ಒಂದು ದಿನ ನನ್ನನ್ನು ಕುದುರೆಯ ಮೇಲೆ ಕೂರಿಸಿಕೊಂಡು ಬಿಳಿಕಲ್ಲಿನ ದಿಣ್ಣೆಗೆ ಕರೆದುಕೊಂಡು ಹೋಗು. ಕೋವಿ ಬೇಡ. ನೀನು ಪಕ್ಕದಲ್ಲಿ ಮಲಗಿ ಆಚೆಯ ಇಳಿಜಾರಿನಲ್ಲಿ ಏನೇನು ಕಾಣುತ್ತದೆ ಎಂದು ಒಂದೊಂದೇ ಹೇಳುತ್ತಾ ಹೋಗು. ನಾನು ಮಾತಾಡುವುದಿಲ್ಲ. ಮಾತಾಡಿದರೆ, ಪ್ರಾಣಿ ಬೆದರುತ್ತದೆ, ಸುಮ್ಮನಿರಿ ಎಂದು ನನ್ನನ್ನು ಗದರು.

ತೊಕ್ತೊನಜರ್